ಬೆಳಕಿಗೂ ನೋಟಕ್ಕೂ ನಡುವೆ: ದೃಷ್ಟಿತೊಗಟೆಯ ತಡವನ್ನು ಕುರಿತು

ಮೂರು ಮೀಟರ್ ದೂರದಲ್ಲಿ ದೀಪವೊಂದು ಹೊತ್ತಿಕೊಂಡರೆ ಅದರ ಬೆಳಕು ಕಣ್ಣನ್ನು ಮುಟ್ಟಲು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗ ಸಾಕು. ಕಣ್ಣಿನ ಹಿಂಬದಿಯಲ್ಲಿರುವ ಬೆಳಕುಗ್ರಾಹಿ ಅಣು ಆ ಬೆಳಕನ್ನು ಹೀರಿ ತನ್ನ ಆಕಾರವನ್ನು ಬದಲಿಸಿಕೊಳ್ಳಲು ಬೇಕಾಗುವುದು ಸುಮಾರು 200 ಫೆಮ್ಟೊಸೆಕೆಂಡು. ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಸಾವಿರ ಚೂರು ಮಾಡಿದರೆ ಸಿಗುವ ಒಂದು ಚೂರೇ ಫೆಮ್ಟೊಸೆಕೆಂಡು. ಇಷ್ಟು ಅವಸರದಲ್ಲಿ ಆರಂಭವಾದ ಕೆಲಸ ತಲೆಯ ಹಿಂಭಾಗದಲ್ಲಿರುವ ಮೆದುಳಿನ ತೊಗಟೆಯನ್ನು ಮುಟ್ಟುವ ಹೊತ್ತಿಗೆ ಮನುಷ್ಯರಲ್ಲಿ 50ರಿಂದ 60 ಮಿಲಿಸೆಕೆಂಡು ಕಳೆದಿರುತ್ತದೆ, ಮತ್ತು ಅಲ್ಲಿನ ದೊಡ್ಡ ಅಲೆ ಏಳುವುದು ಇನ್ನೂ ತಡವಾಗಿ, ಸುಮಾರು 100 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗ ಮುಗಿದ ಮೇಲೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಅಷ್ಟು ಹೊತ್ತಿನಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ದೂರ ಮುಂದೆ ಬಂದಿರುತ್ತದೆ. ಬೆಳಕು ಬಿದ್ದ ಕ್ಷಣಕ್ಕೂ ಮೆದುಳು ಅದಕ್ಕೆ ಉತ್ತರ ಕೊಡುವ ಕ್ಷಣಕ್ಕೂ ನಡುವಿನ ಈ ಅಂತರಕ್ಕೆ ವಿಜ್ಞಾನಿಗಳು ಲೇಟೆನ್ಸಿ ಎನ್ನುತ್ತಾರೆ; ಈ ಉಪನ್ಯಾಸದಲ್ಲಿ ಅದನ್ನು ತಡ ಎಂಬ ಮನೆಮಾತಿನಿಂದಲೇ ಕರೆಯಲಾಗಿದೆ. ತಡವೆಂದರೆ ಕೆಲಸಕ್ಕೆ ಬಂದ ಅಡ್ಡಿ, ದಾರಿಯಲ್ಲಿ ಸೋರಿಹೋದ ಸಮಯ ಎಂದು ಭಾವಿಸುವುದು ಸಹಜ. ದೃಷ್ಟಿಯ ವಿಷಯದಲ್ಲಿ ಈ ಭಾವನೆ ತಪ್ಪು ಎಂಬುದೂ, ನೋಡುವುದು ಎಂಬ ಕ್ರಿಯೆಯ ಬಹುಭಾಗ ನಡೆಯುವುದು ಆ ತಡದೊಳಗೇ ಎಂಬುದೂ ಇಲ್ಲಿ ಪ್ರತಿಪಾದಿಸಹೊರಟಿರುವ ಸಂಗತಿ.

ಇಂದ್ರಿಯಕ್ಕೆ ನಿಲುಕದಷ್ಟು ಸಣ್ಣ ಕಾಲಾವಧಿಯ ಬಗ್ಗೆ ಯೋಚಿಸಿದವರಲ್ಲಿ ಆಧುನಿಕ ಶರೀರವಿಜ್ಞಾನಿಗಳು ಮೊದಲಿಗರಲ್ಲ. ಕತ್ತಲಲ್ಲಿ ಕೊಳ್ಳಿಯನ್ನು ಬೀಸಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ, ಅದೇ ಅಲಾತಚಕ್ರ. ಗೌಡಪಾದರ ಮಾಂಡೂಕ್ಯಕಾರಿಕೆಯ ಕೊನೆಯ ಪ್ರಕರಣಕ್ಕೆ ಈ ದೃಷ್ಟಾಂತದಿಂದಲೇ ಹೆಸರು ಬಂದಿರುವುದು ಕನ್ನಡದ ವೇದಾಂತಾಸಕ್ತ ಓದುಗರಿಗೆ ತಿಳಿದದ್ದೇ. ಆದರೆ ಇಲ್ಲಿನ ವಿಷಯಕ್ಕೆ ಹೆಚ್ಚು ಹತ್ತಿರದ್ದು ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಅದೇ ಕೊಳ್ಳಿಯನ್ನು ಬಳಸಿರುವ ರೀತಿ. ಮನಸ್ಸು ಒಂದೇ ಆಗಿರುವಾಗ ಹಲವು ಅರಿವುಗಳು ಏಕಕಾಲಕ್ಕೆ ಹೇಗೆ ಆಗುತ್ತವೆ ಎಂಬ ಪ್ರಶ್ನೆಗೆ, ಅವು ಏಕಕಾಲಕ್ಕೆ ಆಗುವುದಿಲ್ಲ, ಒಂದರ ಹಿಂದೊಂದು ಅತಿ ಬೇಗನೆ ಆಗುವುದರಿಂದ ಕೊಳ್ಳಿಯ ಚಕ್ರದ ಹಾಗೆ ಒಟ್ಟಿಗೆ ಆದಂತೆ ತೋರುತ್ತವೆ ಎಂದು ನೈಯಾಯಿಕರು ಉತ್ತರಿಸಿದರು. ಒಂದರ ಮೇಲೊಂದು ಜೋಡಿಸಿದ ನೂರು ಕಮಲದೆಸಳುಗಳನ್ನು ಸೂಜಿ ಒಂದೇ ಏಟಿಗೆ ಚುಚ್ಚಿದಂತೆ ಕಂಡರೂ ಎಸಳೆಸಳನ್ನೂ ಕ್ರಮವಾಗಿಯೇ ದಾಟಿರುತ್ತದೆ ಎಂಬ ಇನ್ನೊಂದು ದೃಷ್ಟಾಂತವೂ ಅದೇ ಪರಂಪರೆಯದು. ಅವರಲ್ಲಿ ಇಲ್ಲದೆ ಇದ್ದದ್ದು ಅಳತೆಯ ಸಾಧನ ಮಾತ್ರ. ಆ ಅಳತೆಯ ಕಡೆಗೆ ಒಂದು ಹೆಜ್ಜೆ 1765ರಲ್ಲಿ ಬಿತ್ತು. ಪ್ಯಾಟ್ರಿಕ್ ದಾರ್ಸಿ ಎಂಬ ವಿದ್ವಾಂಸ ಉರಿಯುವ ಕೆಂಡವನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ, ಯಾವ ವೇಗದಲ್ಲಿ ಅದು ಮುರಿಯದ ಬಳೆಯಾಗಿ ಕಾಣತೊಡಗುತ್ತದೆಂದು ನೋಡಿ, ಬೆಳಕಿನ ಗುರುತು ಕಣ್ಣಿನಲ್ಲಿ ಸುಮಾರು 0.13 ಸೆಕೆಂಡು ಉಳಿಯುತ್ತದೆ ಎಂದು ಲೆಕ್ಕ ಹಾಕಿದ.

ತಡದ ಪ್ರಶ್ನೆ ವಿಜ್ಞಾನದೊಳಕ್ಕೆ ಬಂದ ಇನ್ನೊಂದು ದಾರಿ ಖಗೋಳಶಾಸ್ತ್ರ, ಮತ್ತು ಆ ದಾರಿಯಲ್ಲಿ ಒಬ್ಬ ಮನುಷ್ಯನ ಉದ್ಯೋಗವೂ ಹೋಯಿತು. ಗ್ರೀನಿಚ್ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದ ಎಳೆಯನ್ನು ದಾಟುವ ಗಳಿಗೆಯನ್ನು ಗಡಿಯಾರದ ಸದ್ದಿಗೆ ಹೊಂದಿಸಿ ಬರೆದುಕೊಳ್ಳುವುದು ವಾಡಿಕೆಯಾಗಿತ್ತು. 1796ರಲ್ಲಿ ಅಲ್ಲಿನ ಮುಖ್ಯಸ್ಥ ನೆವಿಲ್ ಮ್ಯಾಸ್ಕೆಲಿನ್ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕ್ ಬರೆಯುವ ಗಳಿಗೆ ತಾನು ಬರೆಯುವುದಕ್ಕಿಂತ 0.8 ಸೆಕೆಂಡು ತಡವಾಗಿದೆಯೆಂದು ಕಂಡು ಅವನನ್ನು ಕೆಲಸದಿಂದ ತೆಗೆದ. ಕಾಲು ಶತಮಾನದ ನಂತರ ಜರ್ಮನಿಯ ಖಗೋಳಜ್ಞ ಬೆಸೆಲ್ ಈ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡು, ನುರಿತ ಖಗೋಳಜ್ಞರ ನಡುವೆಯೂ ಇಂಥ ವ್ಯತ್ಯಾಸ ಇರುತ್ತದೆ, ಕೆಲವೊಮ್ಮೆ ಒಂದು ಸೆಕೆಂಡನ್ನೂ ಮೀರುತ್ತದೆ ಎಂದು ತೋರಿಸಿದ. ಕಿನ್ನೆಬ್ರೂಕ್ ಮಾಡಿದ್ದು ಅಜಾಗರೂಕತೆಯಲ್ಲ. ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಒಂದುಗೂಡಿಸಲು ಪ್ರತಿಯೊಂದು ಮೆದುಳೂ ತನ್ನದೇ ಆದ ಸಮಯವನ್ನು ತೆಗೆದುಕೊಳ್ಳುತ್ತದೆ ಎಂಬ, ಆಗ ಯಾರಿಗೂ ಹೊಳೆಯದ ಸತ್ಯ ಅವನ ಬರಹದಲ್ಲಿ ದಾಖಲಾಗಿತ್ತು. 1850ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂದೇಶದ ವೇಗವನ್ನು ಅಳೆದು ಅದು ಸೆಕೆಂಡಿಗೆ ಸುಮಾರು 27 ಮೀಟರ್ ಮಾತ್ರ ಎಂದಾಗ, ಅದನ್ನು ಅಳೆಯಲು ಎಂದಿಗೂ ಆಗದೆಂದು ಬಗೆದಿದ್ದ ಅವನ ಗುರು ಮ್ಯೂಲರನ ನಂಬಿಕೆ ಬಿದ್ದುಹೋಯಿತು.

ಹಾಗಾದರೆ ತಡವೆಲ್ಲವೂ ನರದ ತಂತಿಯಲ್ಲೇ ಇರಬೇಕು ಎಂಬ ಊಹೆ ಮೂಡುತ್ತದೆ, ಅದು ನಿಜವಲ್ಲ. ಕಣ್ಣಿನಿಂದ ಮೆದುಳಿನ ಹಿಂಭಾಗದವರೆಗಿನ ದಾರಿ ಕೆಲವೇ ಅಂಗುಲಗಳದ್ದು, ಅದನ್ನು ಕ್ರಮಿಸಲು ಬೇಕಾಗುವುದು ಬೆರಳೆಣಿಕೆಯ ಮಿಲಿಸೆಕೆಂಡುಗಳು. ತಡದ ದೊಡ್ಡ ಪಾಲು ಕಣ್ಣಿನಲ್ಲೇ, ಅದರ ಒಳಗೋಡೆಗೆ ಕಾಗದದಷ್ಟು ತೆಳ್ಳಗೆ ಅಂಟಿಕೊಂಡಿರುವ ಅಕ್ಷಿಪಟಲದಲ್ಲೇ ಸಂಭವಿಸುತ್ತದೆ. ಅಲ್ಲಿ ಎರಡು ಬಗೆಯ ಬೆಳಕುಗ್ರಾಹಿ ಕೋಶಗಳಿವೆ: ಮಬ್ಬಿನಲ್ಲಿ ಕೆಲಸಕ್ಕೆ ಬರುವ, ಉದ್ದನೆಯ ಸರಳುಕೋಶಗಳು, ಮತ್ತು ಹಗಲಿನಲ್ಲಿ ಬಣ್ಣವನ್ನೂ ನವಿರು ವಿವರವನ್ನೂ ಗ್ರಹಿಸುವ ಶಂಕುಕೋಶಗಳು. ಕತ್ತಲಲ್ಲಿ ಈ ಕೋಶಗಳೊಳಗೆ ಒಂದು ವಿದ್ಯುತ್ ಪ್ರವಾಹ ಸದಾ ಹರಿಯುತ್ತಿರುತ್ತದೆ. ಬೆಳಕು ಬಿದ್ದಾಗ ಆ ಪ್ರವಾಹ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಜಪಾನಿನ ತೊಮಿತಾ 1965ರಲ್ಲಿ ಕಾರ್ಪ್ ಮೀನಿನ ಶಂಕುಕೋಶದೊಳಗೆ ಸೂಕ್ಷ್ಮ ವಿದ್ಯುದಗ್ರವನ್ನು ತೂರಿಸಿ ಇದನ್ನು ದಾಖಲಿಸಿದಾಗ ಅದು ಎಲ್ಲರ ನಿರೀಕ್ಷೆಗೂ ತಿರುವುಮುರುವಾಗಿತ್ತು. ಆಕಾರ ಬದಲಿಸಿದ, ರೊಡಾಪ್ಸಿನ್ ಎಂಬ ಒಂದು ಬೆಳಕುಗ್ರಾಹಿ ಅಣು ಪಕ್ಕದ ಪ್ರೋಟೀನುಗಳನ್ನು ಒಂದಾದ ಮೇಲೊಂದರಂತೆ ಎಬ್ಬಿಸುತ್ತದೆ. ಹಾಗೆ ಎದ್ದ ಪ್ರೋಟೀನುಗಳು ಒಂದು ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತವೆ. ಆ ಕಿಣ್ವ ಕೋಶದ ಬಾಗಿಲುಗಳನ್ನು ತೆರೆದಿಟ್ಟುಕೊಂಡಿರುವ ಸಣ್ಣ ಅಣುಗಳನ್ನು ಒಡೆಯುತ್ತ ಹೋಗುತ್ತದೆ. ಬಾಗಿಲುಗಳು ಮುಚ್ಚಿಕೊಂಡ ಮೇಲೆ ಪ್ರವಾಹ ತಗ್ಗುತ್ತದೆ. ಪ್ರತಿ ಹಂತದಲ್ಲೂ ಒಂದು ಹಲವಾಗುತ್ತದೆ, ಪ್ರತಿ ಹಂತಕ್ಕೂ ಅಣುಗಳು ತೇಲಿ ಹೋಗಿ ಒಂದನ್ನೊಂದು ಮುಟ್ಟುವಷ್ಟು ಸಮಯ ಬೇಕಾಗುತ್ತದೆ.

ಈ ಸಮಯವನ್ನು ಕೊಟ್ಟು ಕಣ್ಣು ಕೊಂಡುಕೊಳ್ಳುವುದು ಸೂಕ್ಷ್ಮತೆಯನ್ನು. ಬೆಳಕಿನ ಅತಿ ಸಣ್ಣ ಘಟಕವಾದ ಒಂದೇ ಒಂದು ಫೋಟಾನನ್ನು ಹೀರಿದ ಸರಳುಕೋಶ ಅಳೆಯಬಹುದಾದ ಉತ್ತರ ಕೊಡುತ್ತದೆ ಎಂಬುದನ್ನು 1979ರಲ್ಲಿ ಬೇಲರ್, ಲ್ಯಾಂಬ್ ಮತ್ತು ಯಾವ್ ತೋರಿಸಿದರು. ಅದಕ್ಕೂ ಮುಂಚೆ 1942ರಲ್ಲಿ ಹೆಕ್ಟ್, ಶ್ಲೇರ್ ಮತ್ತು ಪಿರೆನ್ ಎಂಬವರು ಕತ್ತಲಿಗೆ ಹೊಂದಿಕೊಂಡ ಮನುಷ್ಯನ ಕಣ್ಣು ಅಕ್ಷಿಪಟಲದಲ್ಲಿ ಹೀರಿಕೊಂಡ 5ರಿಂದ 14 ಫೋಟಾನುಗಳಷ್ಟು ಬೆಳಕನ್ನು ಗುರುತಿಸಬಲ್ಲದೆಂದು ಲೆಕ್ಕ ಹಾಕಿದ್ದರು. ಇದರ ಬೆಲೆ ಏನೆಂದರೆ ವಾನರ ವರ್ಗದ ಸರಳುಕೋಶದಲ್ಲಿ ಒಂದು ಫೋಟಾನಿನ ಉತ್ತರ ತನ್ನ ತುದಿಯನ್ನು ಮುಟ್ಟಲು ಸುಮಾರು 200 ಮಿಲಿಸೆಕೆಂಡು ಬೇಕು; ಹಗಲಿನ ಶಂಕುಕೋಶಕ್ಕೆ ಅದರ ಕಾಲುಭಾಗವೋ ಇನ್ನೂ ಕಡಿಮೆಯೋ ಸಾಕು. ಬೆಳಕು ಕಡಿಮೆಯಾದಷ್ಟೂ ಕಣ್ಣು ಹೆಚ್ಚು ಹೊತ್ತು ಕಾದು, ಬಂದ ಬೆಳಕನ್ನು ಕೂಡಿಟ್ಟುಕೊಂಡು ಉತ್ತರಿಸುತ್ತದೆ. ಬರಗಾಲದ ಬಾವಿಯಲ್ಲಿ ಕೊಡ ತುಂಬಲು ಹೆಚ್ಚು ಹೊತ್ತು ನಿಲ್ಲಬೇಕಾಗುವಂತೆ.

ಮಬ್ಬು ಕಣ್ಣು ತಡವಾದ ಕಣ್ಣು ಎಂಬ ಈ ಸಂಗತಿಯನ್ನು ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ನೋಡಬಹುದು. ದಾರಕ್ಕೆ ಒಂದು ಗುಂಡು ಕಟ್ಟಿ ನೋಡುಗನ ಎದುರಿಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಒಂದೇ ಗೆರೆಯಲ್ಲಿ ತೂಗಾಡಿಸಿ, ಎರಡೂ ಕಣ್ಣು ತೆರೆದಿಟ್ಟುಕೊಂಡೇ ಎಡಗಣ್ಣಿನ ಮುಂದೆ ಮಾತ್ರ ಕಪ್ಪು ಕನ್ನಡಕದ ಒಂದು ಗಾಜನ್ನು ಹಿಡಿದರೆ, ಗುಂಡು ಬಲಕ್ಕೆ ಹೋಗುವಾಗ ದೂರ ಸರಿದಂತೆಯೂ ಎಡಕ್ಕೆ ಬರುವಾಗ ಹತ್ತಿರ ಬಂದಂತೆಯೂ ತೋರಿ, ನೇರ ಗೆರೆಯ ತೂಗಾಟ ಅಂಡಾಕಾರದ ಸುತ್ತಾಗುತ್ತದೆ. ಕಪ್ಪು ಗಾಜು ಎಡಗಣ್ಣಿನ ಸಂದೇಶವನ್ನು ಕೆಲವು ಮಿಲಿಸೆಕೆಂಡು ಹಿಂದಕ್ಕೆ ಹಾಕುವುದರಿಂದ, ಮೆದುಳಿಗೆ ಒಂದೇ ಗಳಿಗೆಯಲ್ಲಿ ಬಲಗಣ್ಣಿನಿಂದ ಗುಂಡಿನ ಈಗಿನ ಸ್ಥಾನವೂ ಎಡಗಣ್ಣಿನಿಂದ ಅದರ ಸ್ವಲ್ಪ ಹಿಂದಿನ ಸ್ಥಾನವೂ ಸಿಗುತ್ತದೆ. ಎರಡು ಕಣ್ಣುಗಳ ಚಿತ್ರಗಳ ನಡುವಿನ ಸ್ಥಾನವ್ಯತ್ಯಾಸದಿಂದಲೇ ದೂರವನ್ನು ಅಳೆಯುವ ಮೆದುಳು ಕಾಲದ ವ್ಯತ್ಯಾಸವನ್ನು ದೂರದ ವ್ಯತ್ಯಾಸವೆಂದು ಓದಿಕೊಳ್ಳುತ್ತದೆ. 1922ರಲ್ಲಿ ಇದನ್ನು ವಿವರಿಸಿ ಬರೆದವನು ಜರ್ಮನಿಯ ಯೇನಾ ನಗರದ ಭೌತವಿಜ್ಞಾನಿ ಕಾರ್ಲ್ ಪುಲ್‌ಫ್ರಿಶ್. ಅವನಿಗೆ ಒಂದು ಕಣ್ಣಿನ ದೃಷ್ಟಿ ಹೋಗಿದ್ದುದರಿಂದ ತನ್ನ ಹೆಸರು ಹೊತ್ತ ಈ ವಿದ್ಯಮಾನವನ್ನು ಅವನು ಎಂದೂ ಸ್ವತಃ ನೋಡಲಾರದವನಾಗಿದ್ದ. ಕಾಣಲಾರದ್ದನ್ನು ತರ್ಕದಿಂದ ಹಿಡಿದು ಜಗತ್ತಿಗೆ ಒಪ್ಪಿಸಿದ ಇಂಥ ಶ್ರದ್ಧೆ ದೃಷ್ಟಿವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಾದದ್ದು.

ಅಕ್ಷಿಪಟಲದ ಕೊನೆಯ ಪದರದ ಗ್ಯಾಂಗ್ಲಿಯಾನ್ ಕೋಶಗಳಿಂದ ಹೊರಟ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳು ಒಂದೊಂದು ಕಣ್ಣಿನಿಂದಲೂ ದೃಷ್ಟಿನರವಾಗಿ ಹೊರಬಿದ್ದು, ಅರ್ಧದಷ್ಟು ಎಳೆಗಳು ಎದುರು ಬದಿಗೆ ದಾಟಿಕೊಂಡು, ಮೆದುಳಿನ ನಡುಭಾಗದ ಥಲಾಮಸ್ ಎಂಬ ರಚನೆಯಲ್ಲಿ ಮೊಣಕಾಲಿನಂತೆ ಬಾಗಿರುವ ಒಂದು ಕೇಂದ್ರವನ್ನು ಸೇರುತ್ತವೆ. ಆ ಆಕಾರದಿಂದಾಗಿಯೇ ಅದಕ್ಕೆ ಜಾನುಕ ಕೇಂದ್ರ ಎನ್ನಬಹುದು. ವಾನರರಲ್ಲೂ ಮನುಷ್ಯರಲ್ಲೂ ಅದಕ್ಕೆ ಆರು ಪದರಗಳು. ಕೆಳಗಿನ ಎರಡರಲ್ಲಿ ದೊಡ್ಡ ಕೋಶಗಳು, ಮೇಲಿನ ನಾಲ್ಕರಲ್ಲಿ ಸಣ್ಣ ಕೋಶಗಳು. ದೊಡ್ಡ ಕೋಶಗಳು ಚಲನೆಗೂ ಮಿಂಚಿ ಮಾಯವಾಗುವ ಬೆಳಕಿಗೂ ಬೇಗ ಸ್ಪಂದಿಸುತ್ತವೆ, ಸಣ್ಣ ಕೋಶಗಳು ಬಣ್ಣವನ್ನೂ ವಿವರವನ್ನೂ ಒಯ್ಯುತ್ತ ನಿಧಾನಿಸುತ್ತವೆ. ಹಾಗಾಗಿ ಒಂದೇ ದೃಶ್ಯದ ಸುದ್ದಿ ತೊಗಟೆಗೆ ಒಂದೇ ಕಂತಿನಲ್ಲಿ ಬರುವುದಿಲ್ಲ.

ಈ ಕೇಂದ್ರದಲ್ಲಿ 1987ರಲ್ಲಿ ಡೇವಿಡ್ ಮ್ಯಾಸ್ಟ್ರೊನಾರ್ಡಿ ಬೆಕ್ಕುಗಳ ಮೇಲೆ ಅಧ್ಯಯನ ನಡೆಸಿ ಗುರುತಿಸಿದ ಒಂದು ಜಾತಿಯ ಕೋಶಗಳು ಇಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾದವು. ಬೆಳಕು ಬಿದ್ದೊಡನೆ ಪಕ್ಕದ ಕೋಶಗಳು ಮಿಡಿಯತೊಡಗಿದರೆ ಈ ಕೋಶಗಳು ಮೊದಲು ಸುಮ್ಮನಾಗುತ್ತವೆ. ಕಣ್ಣಿನಿಂದ ಬಂದ ಅದೇ ಸಂದೇಶ ನೆರೆಯ ತಡೆಕೋಶಗಳ ಮೂಲಕ ಬಂದು ಅವುಗಳ ಬಾಯಿ ಕಟ್ಟುತ್ತದೆ. ಆ ತಡೆ ಸಡಿಲಿದ ಮೇಲೆಯೇ ಅವು ಎಚ್ಚೆತ್ತು ಮಿಡಿಯುತ್ತವೆ. ಹಿಂದುಳಿದ ಕೋಶಗಳು ಎಂದು ಅರ್ಥ ಬರುವ ಹೆಸರು ಅವುಗಳಿಗೆ ಬಂದಿದೆ. ಮೇಲುನೋಟಕ್ಕೆ ದೋಷದಂತೆ ಕಾಣುವ ಈ ಹಿಂದುಳಿಕೆಯ ಪ್ರಯೋಜನ ಚಲನೆಯನ್ನು ಕಾಣುವುದರಲ್ಲಿದೆ. ಅಕ್ಕಪಕ್ಕದ ಎರಡು ತಾಣಗಳನ್ನು ಕಲ್ಪಿಸಿಕೊಂಡು, ಎಡತಾಣದ ಸುದ್ದಿ ತಡವಾಗಿಯೂ ಬಲತಾಣದ ಸುದ್ದಿ ಬೇಗನೆಯೂ ತೊಗಟೆಯ ಒಂದು ಕೋಶವನ್ನು ಸೇರುತ್ತದೆಂದು ಇಟ್ಟುಕೊಂಡರೆ, ಎಡದಿಂದ ಬಲಕ್ಕೆ ಸರಿಯುವ ಬೆಳಕು ಮೊದಲು ತಡದ ದಾರಿಯನ್ನೂ ಆಮೇಲೆ ಬೇಗದ ದಾರಿಯನ್ನೂ ಹಿಡಿಸಿ, ಎರಡೂ ಸುದ್ದಿಗಳನ್ನು ಒಂದೇ ಗಳಿಗೆಗೆ ಆ ಕೋಶಕ್ಕೆ ಮುಟ್ಟಿಸುತ್ತದೆ, ಕೋಶ ಜೋರಾಗಿ ಮಿಡಿಯುತ್ತದೆ. ಬಲದಿಂದ ಎಡಕ್ಕೆ ಸರಿಯುವ ಬೆಳಕಿನ ಸುದ್ದಿಗಳು ಚದುರಿ ಬೇರೆ ಬೇರೆ ಗಳಿಗೆಗೆ ಬಂದು ಕೋಶವನ್ನು ಎಬ್ಬಿಸಲಾರದೆ ಹೋಗುತ್ತವೆ. ತಡ ಮತ್ತು ಜೋಡಣೆ ಎಂಬ ಈ ಎರಡೇ ಸಾಮಗ್ರಿಗಳಿಂದ ದಿಕ್ಕನ್ನು ಗುರುತಿಸುವ ಲೆಕ್ಕವನ್ನು 1956ರಲ್ಲಿ ಹಾಸೆನ್‌ಸ್ಟೈನ್ ಮತ್ತು ರೈಕಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು ಒಂದು ಜೀರುಂಡೆಯ ನಡಿಗೆಯನ್ನು ಅಭ್ಯಸಿಸಿ ರೂಪಿಸಿದ್ದರು; ಬೆಕ್ಕಿನ ದೃಷ್ಟಿತೊಗಟೆಯ ಕೋಶಗಳಿಗೆ ಹಿಂದುಳಿದ ಸಂದೇಶಗಳೂ ಹಿಂದುಳಿಯದ ಸಂದೇಶಗಳೂ ಬೆರೆತು ಬರುವುದನ್ನು ಸಾಲ್ ಮತ್ತು ಹಂಫ್ರಿ 1990ರ ಸುಮಾರಿನಲ್ಲಿ ವಿಶದಪಡಿಸಿದರು. ತಡವೇ ಇಲ್ಲದ, ಎಲ್ಲ ಸುದ್ದಿಯೂ ಬಂದ ಕ್ಷಣದಲ್ಲೇ ಮುಟ್ಟುವ ಮೆದುಳೊಂದಿದ್ದರೆ ಅದಕ್ಕೆ ಹಕ್ಕಿ ಹಾರುವ ದಿಕ್ಕು ತಿಳಿಯುತ್ತಿರಲಿಲ್ಲ. ಹಿಂದಿನ ಕ್ಷಣವನ್ನು ಈ ಕ್ಷಣದವರೆಗೆ ಹಿಡಿದಿಡುವ ಏನಾದರೊಂದು ಇಲ್ಲದೆ ಚಲನೆ ಎಂಬುದು ಅರಿವಿಗೆ ಬರುವಂತೆಯೇ ಇಲ್ಲ.

ಜಾನುಕ ಕೇಂದ್ರದಿಂದ ಹೊರಟ ಎಳೆಗಳು ಬೀಸಣಿಗೆಯಂತೆ ಹರಡಿಕೊಂಡು ತಲೆಯ ಹಿಂಭಾಗದ ಪ್ರಾಥಮಿಕ ದೃಷ್ಟಿತೊಗಟೆಯನ್ನು ಸೇರುತ್ತವೆ. ಅದು ಸುಮಾರು ಎರಡು ಮಿಲಿಮೀಟರ್ ದಪ್ಪದ, ಮಡಿಕೆಯೊಂದರ ಒಳಗೆ ಹುದುಗಿದ ಪದರ. ಅದರ ನಡುವೆ ಬರಿಗಣ್ಣಿಗೂ ಕಾಣುವ ಬಿಳಿಯ ಗೆರೆಯನ್ನು 1776ರಲ್ಲೇ ಇಟಲಿಯ ಫ್ರಾನ್ಸೆಸ್ಕೊ ಜೆನ್ನಾರಿ ಎಂಬ ವೈದ್ಯವಿದ್ಯಾರ್ಥಿ ಗುರುತಿಸಿದ್ದ. ಕಣ್ಣಿನಿಂದ ಬರುವ ಸುದ್ದಿ ಮೊದಲು ಇಳಿಯುವುದು ಆ ಗೆರೆಯ ಆಸುಪಾಸಿನ ನಾಲ್ಕನೆಯ ಪದರಕ್ಕೆ. ಅರಿವಳಿಕೆ ಕೊಟ್ಟ ಮಕಾಕ್ ಕೋತಿಗಳಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಲವು ಪ್ರದೇಶಗಳ ತಡವನ್ನು ಒಂದೇ ವಿಧಾನದಿಂದ ಅಳೆಯಿತು: ಜಾನುಕ ಕೇಂದ್ರದ ದೊಡ್ಡಕೋಶಗಳಲ್ಲಿ ಸರಾಸರಿ 33 ಮಿಲಿಸೆಕೆಂಡು, ಸಣ್ಣಕೋಶಗಳಲ್ಲಿ 50, ಪ್ರಾಥಮಿಕ ದೃಷ್ಟಿತೊಗಟೆಯಲ್ಲಿ 66, ಚಲನೆಯನ್ನು ಗ್ರಹಿಸುವ ಪ್ರದೇಶದಲ್ಲಿ 72, ಬಣ್ಣ ಮತ್ತು ಆಕಾರಕ್ಕೆ ಸಂಬಂಧಿಸಿದ ನಾಲ್ಕನೆಯ ದೃಷ್ಟಿಪ್ರದೇಶದಲ್ಲಿ 104. ಈ ಅಂಕಿಗಳಲ್ಲಿ ಬೆರಗು ಹುಟ್ಟಿಸುವುದು ಅವುಗಳ ಏರಿಕೆಗಿಂತ ಅವುಗಳ ನಡುವಿನ ಅಕ್ರಮ. ಕಣ್ಣನ್ನು ಹೊರಳಿಸಲು ಆಜ್ಞೆ ಕೊಡುವ, ಮೆದುಳಿನ ಮುಂಭಾಗದಲ್ಲಿರುವ ಪ್ರದೇಶ 75 ಮಿಲಿಸೆಕೆಂಡಿಗೇ ಎಚ್ಚರಗೊಂಡರೆ, ಪ್ರಾಥಮಿಕ ತೊಗಟೆಗೆ ತೀರ ಪಕ್ಕದ ಎರಡನೆಯ ದೃಷ್ಟಿಪ್ರದೇಶ 82ಕ್ಕೆ ಎಚ್ಚರಗೊಳ್ಳುತ್ತದೆ. ದೃಷ್ಟಿ ಎಂಬುದು ಕಚೇರಿಯ ಕಡತದಂತೆ ಮೇಜಿನಿಂದ ಮೇಜಿಗೆ ಸರದಿ ಪ್ರಕಾರ ಸಾಗುತ್ತದೆ ಎಂಬ ಚಿತ್ರ ಇದರಿಂದ ಮುರಿದುಬೀಳುತ್ತದೆ.

ಮೊದಲ ಅಲೆ ಹೀಗೆ ಹರಡಿಹೋದ ಮೇಲೆ ಪ್ರಾಥಮಿಕ ತೊಗಟೆ ಸುಮ್ಮನಾಗುವುದಿಲ್ಲ. ಮಕಾಕ್ ಕೋತಿಯ ಮೆದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ 32 ಪ್ರದೇಶಗಳನ್ನೂ ಅವುಗಳ ನಡುವಿನ 305 ಸಂಪರ್ಕಗಳನ್ನೂ 1991ರಲ್ಲಿ ಪಟ್ಟಿಮಾಡಿದ ಫೆಲ್ಲೆಮನ್ ಮತ್ತು ವ್ಯಾನ್ ಎಸೆನ್, ಹೋಗುವ ದಾರಿ ಇದ್ದಲ್ಲೆಲ್ಲ ಬಹುಮಟ್ಟಿಗೆ ಬರುವ ದಾರಿಯೂ ಇದೆಯೆಂದು ತೋರಿಸಿದ್ದರು. ಆ ಬರುವ ದಾರಿಗಳ ಕೆಲಸ ತಡವಾದ ಉತ್ತರದಲ್ಲಿ ಬಯಲಾಗುತ್ತದೆ. ನೆದರ್‌ಲ್ಯಾಂಡ್ಸಿನ ವಿಕ್ಟರ್ ಲಾಮ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಮುಂದೆ ಓರೆಗೆರೆಗಳಿಂದ ತುಂಬಿದ ಪರದೆ, ಅದರ ನಡುವೆ ಗೆರೆಗಳ ಓರೆ ಬೇರೆಯಾಗಿರುವುದರಿಂದ ಮಾತ್ರ ಎದ್ದುಕಾಣುವ ಒಂದು ಚೌಕ ಇರುತ್ತಿತ್ತು. ಒಂದು ಕೋಶಕ್ಕೆ ಕಾಣುವ ಸಣ್ಣ ಕಿಂಡಿಯೊಳಗೆ ಗೆರೆಗಳು ಎರಡೂ ಸಂದರ್ಭದಲ್ಲಿ ತದ್ರೂಪವಾಗಿರುವಂತೆ ಜೋಡಿಸಲಾಗಿತ್ತು. ವ್ಯತ್ಯಾಸ ಇದ್ದದ್ದು ಆ ಗೆರೆಗಳು ಚೌಕಕ್ಕೆ ಸೇರಿವೆಯೋ ಹಿನ್ನೆಲೆಗೆ ಸೇರಿವೆಯೋ ಎಂಬುದರಲ್ಲಿ. ಕೋಶದ ಮೊದಲ ಮಿಡಿತ ಎರಡರಲ್ಲೂ ಒಂದೇ ಆಗಿತ್ತು. ಸುಮಾರು 80ರಿಂದ 100 ಮಿಲಿಸೆಕೆಂಡು ಕಳೆದ ಮೇಲೆ ಚೌಕದೊಳಗಿನ ಗೆರೆಗಳಿಗೆ ಮಿಡಿತ ಏರತೊಡಗಿತು, ಹಿನ್ನೆಲೆಯ ಗೆರೆಗಳಿಗೆ ಏರಲಿಲ್ಲ. ಗೆರೆ ಇದೆ ಎಂದು ಮೊದಲ ಮಿಡಿತ ಹೇಳಿದರೆ ಆ ಗೆರೆ ಯಾವುದರ ಭಾಗ ಎಂದು ತಡವಾದ ಮಿಡಿತ ಹೇಳುತ್ತದೆ. ಅರಿವಳಿಕೆ ಕೊಟ್ಟಾಗ ಮೊದಲ ಮಿಡಿತ ಉಳಿದು ಎರಡನೆಯದು ಅಳಿಸಿಹೋಗುತ್ತದೆ. ಎಚ್ಚರವಿದ್ದ ಕೋತಿ ಚೌಕವನ್ನು ಗುರುತಿಸಲು ತಪ್ಪಿದ ಸಲವೂ ಅದು ಇರುವುದಿಲ್ಲ. ಕಂಡದ್ದಕ್ಕೂ ಕಾಣದ್ದಕ್ಕೂ ವ್ಯತ್ಯಾಸ ಮೊದಲ ಉತ್ತರದಲ್ಲಿಲ್ಲ, ತಡವಾದ ಉತ್ತರದಲ್ಲಿದೆ ಎಂಬ ಈ ಫಲಿತಾಂಶವನ್ನು ದೃಷ್ಟಿತೊಗಟೆಯ ಸಂಶೋಧನೆಯ ಅತ್ಯಂತ ಬೆಲೆಯುಳ್ಳ ಫಲಿತಾಂಶಗಳ ಸಾಲಿನಲ್ಲಿ ಇಡಬೇಕು.

ಮನುಷ್ಯರಲ್ಲಿ ಇದಕ್ಕೆ ಬೇರೆ ದಿಕ್ಕಿನಿಂದ ಸಾಕ್ಷ್ಯ ಸಿಕ್ಕಿದೆ. ತಲೆಯ ಹೊರಗಿನಿಂದ ಕಾಂತಕ್ಷೇತ್ರದ ಒಂದು ಚುರುಕಾದ ಏಟಿನಿಂದ ತೊಗಟೆಯ ಕೆಲಸವನ್ನು ಕ್ಷಣಕಾಲ ಕೆಡಿಸುವ ವಿಧಾನವನ್ನು ಬಳಸಿ, 1989ರಲ್ಲಿ ಅಮಾಸಿಯನ್ ಮತ್ತು ಸಂಗಡಿಗರು ಪರದೆಯ ಮೇಲೆ ಅಕ್ಷರಗಳನ್ನು ಮಿಂಚಿಸಿದ ನಂತರ ಬೇರೆ ಬೇರೆ ಅಂತರದಲ್ಲಿ ಏಟು ಕೊಟ್ಟು ನೋಡಿದರು. ತೀರ ಬೇಗ ಅಥವಾ ತೀರ ತಡವಾಗಿ ಕೊಟ್ಟ ಏಟಿನಿಂದ ಓದಿಗೆ ತೊಂದರೆಯಾಗಲಿಲ್ಲ. 80ರಿಂದ 100 ಮಿಲಿಸೆಕೆಂಡುಗಳ ನಡುವೆ ಕೊಟ್ಟಾಗ ಅಕ್ಷರಗಳು ಕಾಣದೆ ಹೋದವು. ಇದಕ್ಕೆ ಎದುರಾಗಿ ನಿಲ್ಲಿಸಬಹುದಾದ ಸಾಕ್ಷ್ಯವೂ ಉಂಟು: 1996ರಲ್ಲಿ ಫ್ರಾನ್ಸಿನ ಸೈಮನ್ ಥಾರ್ಪ್ ತಂಡ, ಕೇವಲ 20 ಮಿಲಿಸೆಕೆಂಡು ತೋರಿಸಿದ ಛಾಯಾಚಿತ್ರದಲ್ಲಿ ಪ್ರಾಣಿ ಇದೆಯೋ ಇಲ್ಲವೋ ಎಂಬುದನ್ನು ಮನುಷ್ಯರ ಮೆದುಳು 150 ಮಿಲಿಸೆಕೆಂಡುಗಳೊಳಗೆ ಬೇರ್ಪಡಿಸುತ್ತದೆ ಎಂದು ತೋರಿಸಿತು, ಮತ್ತು ಅಷ್ಟು ಅಲ್ಪ ಸಮಯದಲ್ಲಿ ಹಿಂದಿರುಗಿ ಬರುವ ಸಂದೇಶಗಳಿಗೆ ಹೆಚ್ಚು ಅವಕಾಶವಿರಲಾರದು ಎಂದು ವಾದಿಸಿತು. ಎರಡೂ ನಿಜವಾಗಿರಬಹುದು. ಹುಲಿಯಿದೆ ಎಂಬ ಒರಟು ತೀರ್ಮಾನಕ್ಕೆ ಮೊದಲ ಅಲೆ ಸಾಕಾಗಿ, ಆ ಹುಲಿಯ ಮೈಯ ಅಂಚು ಎಲ್ಲಿ ಮುಗಿದು ಹುಲ್ಲಿನ ನೆರಳು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಎರಡನೆಯ ಅಲೆ ಬೇಕಾಗುವುದರಲ್ಲಿ ವಿರೋಧವೇನೂ ಇಲ್ಲ.

ತಡ ಸ್ವತಃ ಒಂದು ಸಂಕೇತವಾಗಿಯೂ ಕೆಲಸ ಮಾಡುತ್ತದೆ. ಕೋತಿಯ ಪ್ರಾಥಮಿಕ ದೃಷ್ಟಿತೊಗಟೆಯಲ್ಲಿ ಗೆರೆಯ ಓರೆಯನ್ನು ಕೋಶವೊಂದು ಎಷ್ಟು ಸಲ ಮಿಡಿಯಿತು ಎಂಬುದು ಹೇಳಿದರೆ, ಆ ಗೆರೆ ಹಿನ್ನೆಲೆಯಿಂದ ಎಷ್ಟು ಗಾಢವಾಗಿ ಎದ್ದುಕಾಣುತ್ತಿದೆ ಎಂಬುದನ್ನು ಮೊದಲ ಮಿಡಿತ ಎಷ್ಟು ತಡವಾಗಿ ಬಂತು ಎಂಬುದು ಹೇಳುತ್ತದೆ ಎಂದು ಗಾನ್, ಕ್ಯೇರ್ ಮತ್ತು ರಿಚ್ಮಂಡ್ 1996ರಲ್ಲಿ ಕಂಡುಕೊಂಡರು. ಗಾಢವಾದದ್ದು ಬೇಗ, ಮಸುಕಾದದ್ದು ತಡವಾಗಿ.

ಇಷ್ಟೆಲ್ಲ ತಡವಿದ್ದರೂ ಬ್ಯಾಟ್ ಚೆಂಡಿಗೆ ತಗಲುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು 100 ಮಿಲಿಸೆಕೆಂಡಿನಲ್ಲಿ ಸುಮಾರು 3.9 ಮೀಟರ್ ಸಾಗುತ್ತದೆ, ಬೌಲರನ ಕೈಬಿಟ್ಟ ಅರ್ಧ ಸೆಕೆಂಡಿನೊಳಗೆ ಬ್ಯಾಟುಗಾರನನ್ನು ಮುಟ್ಟುತ್ತದೆ. ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಡ್ 2000ದಲ್ಲಿ ಬ್ಯಾಟುಗಾರರ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಅವರು ಚೆಂಡನ್ನು ಉದ್ದಕ್ಕೂ ಹಿಂಬಾಲಿಸದೆ, ಅದು ಕೈಬಿಟ್ಟ ಸ್ವಲ್ಪ ಹೊತ್ತಿಗೇ ನೋಟವನ್ನು ಚೆಂಡು ಪುಟಿಯಲಿರುವ ಜಾಗಕ್ಕೆ ಹಾರಿಸಿ ಅಲ್ಲಿ ಕಾಯುತ್ತಾರೆಂದು ತಿಳಿಯಿತು. ನುರಿತವರ ಕಣ್ಣು ಆ ಜಾಗಕ್ಕೆ ಇನ್ನೂ ಬೇಗ ಹಾರುತ್ತಿತ್ತು. ಮುಂದಾಲೋಚನೆ ಇದಕ್ಕಿಂತ ಕೆಳಹಂತದಲ್ಲೂ ಇದೆ. ಸಲಮಾಂಡರ್ ಮತ್ತು ಮೊಲದ ಅಕ್ಷಿಪಟಲದಲ್ಲೇ, ಒಂದೇ ವೇಗದಲ್ಲಿ ಸರಿಯುವ ಪಟ್ಟಿಯ ಮುಂಚೂಣಿಗೆ ಕೋಶಗಳು ಹೆಚ್ಚು ಮಿಡಿದು ತಡವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದನ್ನು 1999ರಲ್ಲಿ ಬೆರ್ರಿ, ಮೈಸ್ಟರ್ ಮತ್ತು ಸಂಗಡಿಗರು ವರದಿ ಮಾಡಿದರು. ಚಲಿಸುವ ವಸ್ತುವಿನ ಪಕ್ಕದಲ್ಲೇ, ಅದಕ್ಕೆ ಸರಿಸಾಟಿಯಾಗಿ, ಒಂದು ಮಿಂಚು ಬೆಳಗಿದರೆ ಮಿಂಚು ಹಿಂದುಳಿದಂತೆ ಕಾಣುವುದೇಕೆ ಎಂಬ ಚರ್ಚೆಯೂ ಇದೇ ಪ್ರಶ್ನೆಯ ಸುತ್ತ ಬೆಳೆದದ್ದು. ಮೆದುಳು ವಸ್ತುವಿನ ಮುಂದಿನ ಸ್ಥಾನವನ್ನು ಊಹಿಸಿ ತೋರಿಸುತ್ತದೆ ಎಂದು ರೋಮಿ ನಿಜಾವನ್ 1994ರಲ್ಲಿ ವಾದಿಸಿದರೆ, ಮಿಂಚಿನ ನಂತರದ ಸುಮಾರು 80 ಮಿಲಿಸೆಕೆಂಡುಗಳಲ್ಲಿ ನಡೆದದ್ದನ್ನೂ ಸೇರಿಸಿಕೊಂಡೇ ಮೆದುಳು ಮಿಂಚಿನ ಗಳಿಗೆಯ ಚಿತ್ರವನ್ನು ಕಟ್ಟುತ್ತದೆ ಎಂದು ಈಗಲ್‌ಮನ್ ಮತ್ತು ಸೆಜ್‌ನೊವ್‌ಸ್ಕಿ 2000ದಲ್ಲಿ ಪ್ರತಿವಾದ ಹೂಡಿದರು. ಆ ಚರ್ಚೆ ಮುಗಿದಿಲ್ಲ; ಎರಡೂ ಕಡೆಯವರು ಒಪ್ಪುವ ಮಾತೆಂದರೆ ಮೆದುಳು ತನ್ನ ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದಿಲ್ಲ ಎಂಬುದು.

ದೃಷ್ಟಿತೊಗಟೆಯ ತಡವನ್ನು ಅಳೆಯುವುದು ಇಂದು ಪ್ರಯೋಗಾಲಯಕ್ಕೆ ಸೀಮಿತವಾದ ಕುತೂಹಲವಲ್ಲ. ನರರೋಗ ವಿಭಾಗಗಳಲ್ಲಿ ವಿಇಪಿ ಎಂಬ ಹೆಸರಿನಿಂದ ಪರಿಚಿತವಾಗಿರುವ, ನೋವಿಲ್ಲದ ಪರೀಕ್ಷೆಯೊಂದರ ಆಧಾರ ಅದು. ರೋಗಿಯ ಒಂದು ಕಣ್ಣನ್ನು ಮುಚ್ಚಿ, ಚದುರಂಗದ ಹಾಸಿನಂಥ ಕಪ್ಪುಬಿಳುಪು ಚೌಕಗಳಿರುವ ಪರದೆಯ ಮುಂದೆ ಕೂರಿಸುತ್ತಾರೆ. ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ ಚೌಕಗಳು ಮತ್ತೆ ಮತ್ತೆ ಅದಲುಬದಲಾಗುತ್ತವೆ. ತಲೆಯ ಹಿಂಬದಿಗೆ ಅಂಟಿಸಿದ ವಿದ್ಯುದಗ್ರ ತೊಗಟೆಯ ಉತ್ತರವನ್ನು ದಾಖಲಿಸುತ್ತದೆ. ಆ ಉತ್ತರ ಕೆಲವೇ ಮೈಕ್ರೊವೋಲ್ಟುಗಳಷ್ಟು ಸಣ್ಣದಾಗಿ ಮೆದುಳಿನ ಉಳಿದ ವಿದ್ಯುತ್ ಗದ್ದಲದಲ್ಲಿ ಮುಳುಗಿರುವುದರಿಂದ ನೂರರಷ್ಟು ಉತ್ತರಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯುತ್ತಾರೆ. ಗದ್ದಲ ಒಂದನ್ನೊಂದು ಅಳಿಸಿಕೊಂಡು ನಿಜವಾದ ಅಲೆ ಮಾತ್ರ ಉಳಿಯುತ್ತದೆ. ಸುಮಾರು 100 ಮಿಲಿಸೆಕೆಂಡಿಗೆ ಏಳುವ ಆ ಅಲೆಯನ್ನು ಪಿ100 ಎಂದು ಕರೆಯುವುದು ರೂಢಿ.

1972ರಲ್ಲಿ ಲಂಡನ್ನಿನಲ್ಲಿ ಹ್ಯಾಲಿಡೇ, ಮ್ಯಾಕ್‌ಡೊನಾಲ್ಡ್ ಮತ್ತು ಮುಷಿನ್ ಎಂಬ ಮೂವರು ಸಂಶೋಧಕರು ದೃಷ್ಟಿನರದ ಉರಿಯೂತಕ್ಕೆ ಒಳಗಾದವರಲ್ಲಿ ಈ ಅಲೆ 30, 40 ಮಿಲಿಸೆಕೆಂಡುಗಳಷ್ಟು ಹಿಂದೆ ಬೀಳುತ್ತದೆಂದು ವರದಿ ಮಾಡಿದರು. ನರದ ಎಳೆಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆಯ ನಡುನಡುವೆ ಇರುವ ತೆರವುಗಳಿಂದ ತೆರವಿಗೆ ಜಿಗಿಯುತ್ತ ಸಂದೇಶ ಬೇಗ ಸಾಗುತ್ತದೆ. ಉರಿಯೂತ ಆ ಹೊದಿಕೆಯನ್ನು ಕಿತ್ತುಹಾಕಿದಾಗ ಜಿಗಿತ ನಿಂತು ಸಂದೇಶ ತೆವಳತೊಡಗುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗವುಳ್ಳವರಲ್ಲಿ ಕಣ್ಣಿನ ಬಗ್ಗೆ ಯಾವ ದೂರೂ ಇಲ್ಲದಿದ್ದಾಗಲೂ ತಡ ಕಂಡುಬಂದದ್ದು ರೋಗನಿರ್ಣಯದ ದಾರಿಯನ್ನೇ ಬದಲಿಸಿತು. ಭಾರತದ ಮಟ್ಟಿಗೆ ಇನ್ನೊಂದು ಉಪಯೋಗವನ್ನೂ ಹೇಳಬೇಕು: ಕ್ಷಯರೋಗಕ್ಕೆ ಕೊಡುವ ಎಥಾಂಬುಟಾಲ್ ಕೆಲವರಲ್ಲಿ ದೃಷ್ಟಿನರಕ್ಕೆ ಹಾನಿ ಮಾಡಬಲ್ಲದು, ಮತ್ತು ರೋಗಿ ಸ್ವತಃ ಮಬ್ಬನ್ನು ಗಮನಿಸುವ ಮೊದಲೇ ಪಿ100 ಹಿಂದೆ ಸರಿದು ಎಚ್ಚರಿಕೆ ಕೊಡುವುದುಂಟು. ಔಷಧವನ್ನು ಸಕಾಲದಲ್ಲಿ ನಿಲ್ಲಿಸಿದರೆ ಹಲವರಿಗೆ ದೃಷ್ಟಿ ಮರಳುವುದರಿಂದ ಆ ಕೆಲವು ಮಿಲಿಸೆಕೆಂಡುಗಳ ಬೆಲೆ ಬಹಳ ದೊಡ್ಡದು.

ಉರಿಯೂತ ತಗ್ಗಿದ ಮೇಲೆ ಹೆಚ್ಚಿನವರಿಗೆ ದೃಷ್ಟಿ ವಾರಗಳೊಳಗೆ ಮರಳುತ್ತದೆ. ಗೋಡೆಯ ಮೇಲಿನ ಅಕ್ಷರಪಟ್ಟಿಯ ಕೊನೆಯ ಸಾಲನ್ನೂ ಓದುತ್ತಾರೆ. ಅಲೆ ಮಾತ್ರ ವರ್ಷಗಟ್ಟಲೆ ಹಿಂದೆಯೇ ಉಳಿಯುವುದು ಸಾಮಾನ್ಯ. ತಡವಾಗಿ ಬಂದರೂ ಸುದ್ದಿ ಪೂರ್ತಿಯಾಗಿ ಬಂದರೆ ನಿಂತ ಅಕ್ಷರವನ್ನು ಓದಲು ತೊಂದರೆಯಿಲ್ಲ. ತೊಂದರೆಯಾಗುವುದು ಎರಡು ಕಣ್ಣುಗಳ ತಡ ಬೇರೆ ಬೇರೆಯಾದಾಗ, ಅದೂ ವಸ್ತು ಚಲಿಸುತ್ತಿರುವಾಗ. ಅಂಥವರು ರಸ್ತೆ ದಾಟುವಾಗ ಅಡ್ಡ ಹೋಗುವ ವಾಹನ ತಮ್ಮತ್ತ ಬಾಗಿ ಬಂದಂತೆ ಕಾಣುತ್ತದೆಂದೂ, ಲೋಟಕ್ಕೆ ನೀರು ಸುರಿಯುವಾಗ ಅಂದಾಜು ತಪ್ಪುತ್ತದೆಂದೂ ಹೇಳುತ್ತಾರೆ. ಕಪ್ಪು ಗಾಜಿಲ್ಲದೆಯೇ ಅವರಿಗೆ ಪುಲ್‌ಫ್ರಿಶನ ತೂಗುಗುಂಡು ಬೀದಿಯಲ್ಲಿ ಕಾಣುತ್ತಿರುತ್ತದೆ. ಇದಕ್ಕೆ ವೈದ್ಯರು ಮಾಡುವ ಉಪಾಯಗಳಲ್ಲೊಂದು, ಕೆಟ್ಟ ಕಣ್ಣನ್ನು ಬಿಟ್ಟು ಒಳ್ಳೆಯ ಕಣ್ಣಿನ ಮುಂದೆ ಛಾಯೆಯ ಗಾಜನ್ನು ಇಡುವುದು. ಆ ಗಾಜು ಒಳ್ಳೆಯ ಕಣ್ಣನ್ನೂ ಅಷ್ಟೇ ತಡವಾಗಿಸುತ್ತದೆ. ಎರಡು ಸುದ್ದಿಗಳೂ ದೃಷ್ಟಿತೊಗಟೆಗೆ ಒಟ್ಟಿಗೆ ಬಂದು ಸೇರುತ್ತವೆ, ವಾಹನ ತನ್ನ ಗೆರೆಯಲ್ಲೇ ನೇರವಾಗಿ ಸಾಗುತ್ತದೆ.